ದೊಡ್ಡಮನೆಯ ತಬ್ಬಲಿಗಳು

ಶತಶೃಂಗದ ಋಷಿಗಳು ಕುಂತಿಯನ್ನೂ ಐವರು ಹುಡುಗರನ್ನೂ ಹಸ್ತಿನಾವತಿಗೆ ಕರೆತಂದು ಭೀಷ್ಮಾದಿ ಹಿರಿಯರಿಗೆ ಒಪ್ಪಿಸಿದ ಪ್ರಸಂಗ ನಿಮಗೆ ತಿಳಿದುದೇ. ಪಾಂಡು ತೀರಿಕೊಂಡಿದ್ದ, ಮಾದ್ರಿಯೂ ಚಿತೆಯೇರಿದ್ದಳು. ನಕುಲ ಸಹದೇವರಿಗಂತೂ ಹೆತ್ತವರಿಬ್ಬರೂ ಇಲ್ಲ. ಕಾಡಿನಲ್ಲಿ ಬೆಳೆದ ಈ ದೇವಾಂಶದ ಮಕ್ಕಳು ಅರಮನೆಯ ಕಟ್ಟುಕಟ್ಟಳೆಗೆ ಹೇಗೆ ಹೊಂದಿಕೊಂಡಾರು?

ಭೀಮನ ಆಟವನ್ನೇ ನೋಡಿ. ಕೌರವ ಬಾಲಕರು ಹಣ್ಣಿಗೆಂದು ಮರ ಹತ್ತಿದರೆ ಇವನು ಬುಡಕ್ಕೆ ಒದೆಯುವನು. ಹಣ್ಣಿನೊಡನೆ ಹುಡುಗರೂ ಉದುರುವರು. ನೀರಾಟದಲ್ಲಿ ಹತ್ತು ಜನರನ್ನು ಒಮ್ಮೆಗೇ ತಬ್ಬಿ ಮುಳುಗಿಸುವನು. ಇದು ಹುಡುಗಾಟವೇ ಹೊರತು ದ್ರೋಹಬುದ್ಧಿಯಲ್ಲವೆಂದು ವ್ಯಾಸರು ಹೇಳುತ್ತಾರೆ. ಬಹುಕಾಲ ಹುಡುಗರ ನಡುವೆಯೇ ಕಳೆದ ನನಗೆ ಆ ಮಾತು ಬಹಳ ಹಿಡಿಸಿದೆ. ಆದರೆ ತರಚಿದ ಮೊಣಕಾಲಿಗೆ ಅದು ತಿಳಿಯುವುದೆ?

ದುರ್ಯೋಧನ ವಿಷವಿಕ್ಕಿ, ಬಳ್ಳಿಗಳಿಂದ ಬಿಗಿದು, ಭೀಮನನ್ನು ಗಂಗೆಗೆ ನೂಕಿಸಿದ. ಭೀಮ ನಾಗಲೋಕದಲ್ಲಿ ಇನ್ನಷ್ಟು ಬಲ ಪಡೆದು ಎಂಟನೆಯ ದಿನ ಎಚ್ಚೆತ್ತು ಮನೆಗೆ ಬಂದ. ನಡೆದುದನ್ನೆಲ್ಲ ಹೇಳಿದಾಗ ಧರ್ಮರಾಯ ಅವನಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದ. ವಿದುರನೂ ಕುಂತಿಗೆ ಹೇಳಿದ್ದುದು ಅದನ್ನೇ: ದೂರು ಹೇಳಿದರೆ ಉಳಿದ ಮಕ್ಕಳಿಗೂ ಅಪಾಯ. ಪರರ ಆಶ್ರಯದಲ್ಲಿರುವ ಮಕ್ಕಳು ಇದನ್ನು ಬಹುಬೇಗ ಕಲಿತುಬಿಡುತ್ತಾರೆ.

ಭೀಷ್ಮರು ಕರ್ತವ್ಯನಿಷ್ಠರು. ಕೃಪರ ಬಳಿಕ ದ್ರೋಣರಂಥವರನ್ನೇ ಮಕ್ಕಳಿಗೆ ಗುರುವಾಗಿ ಗೊತ್ತುಮಾಡಿದರು; ವಿದ್ಯೆಗೆ ಯಾವ ಕೊರತೆಯೂ ಆಗಲಿಲ್ಲ. ಅಷ್ಟು ದಿನ ಊಟದ ಪಂಕ್ತಿಯಲ್ಲಿ ಒಂದು ಎಲೆ ಬರಿದಾಗಿದ್ದುದೇಕೆಂದು ಅವರು ಕೇಳಿದರೆಂಬುದನ್ನು ಮಾತ್ರ ನಾನು ಎಲ್ಲಿಯೂ ಓದಿಲ್ಲ.