ಮಾತಿನಲ್ಲಿ ಕಟ್ಟುವ ಆಟ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಪಂಪನ ವಿಚಾರವನ್ನೋ ಏಕೀಕರಣದ ವಿಚಾರವನ್ನೋ ಎತ್ತುವುದು ವಾಡಿಕೆ. ನಾವು ಈ ದಿನ ಒಂದು ಆಟದ ವಿಚಾರ ಹೇಳಲು ನಿಂತಿದ್ದೇವೆ. ಅದೂ ದೂರದ ಅಮೆರಿಕದಲ್ಲಿ ಹುಟ್ಟಿದ ಆಟ. ಹಬ್ಬದ ಹೊತ್ತಿನಲ್ಲಿ ಇದೆಲ್ಲಿಯ ಹುಡುಗಾಟವೆಂದು ಹಿರಿಯರು ಬೇಸರಿಸಬಾರದು. ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿಯುವ ಪ್ರಶ್ನೆಗೂ ಈ ಆಟಕ್ಕೂ ನಂಟುಂಟು.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. 1974ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಇದು ಹೊರಬಂತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಇದರ ಕರ್ತರು. ಒಂದು ಪೆಟ್ಟಿಗೆ, ಅದರಲ್ಲಿ ಮೂರು ಕಿರುಪುಸ್ತಕ. ಮೊದಲ ಮುದ್ರಣ 1000 ಪ್ರತಿ. ಇದರ ವಂಶಾವಳಿಯನ್ನು ಹುಡುಕುತ್ತ ಹೋದರೆ, 1824ರ ಸುಮಾರಿಗೆ ಪ್ರಷ್ಯದ ಸೈನ್ಯಾಧಿಕಾರಿಗಳು ನಕ್ಷೆಯ ಮೇಲೆ ಆಡುತ್ತಿದ್ದ ಯುದ್ಧಾಭ್ಯಾಸದ ಆಟ ಸಿಕ್ಕುತ್ತದೆ. ಅಲ್ಲಿಯೂ ದಾಳವಿತ್ತು, ತೀರ್ಪು ಹೇಳುವ ಮಧ್ಯಸ್ಥನಿದ್ದ. ಆದರೆ ಆಟಗಾರನ ಕೈಯಲ್ಲಿದ್ದದ್ದು ಸೈನ್ಯ. ಒಬ್ಬನಿಗೆ ಒಂದು ಪಾತ್ರ ಕೊಟ್ಟು ಆಡಿಸುವ ದಾರಿಯನ್ನು 1969ರಲ್ಲಿ ಡೇವಿಡ್ ವೆಸ್ಲಿ ಎಂಬವರು ತೋರಿಸಿದರು. ಅವರೊಡನೆ ಆಡಿದ್ದ ಆರ್ನೆಸನ್ ಅದನ್ನು ಬೆಳೆಸಿದರು. ದಂಡು ಹೋಗಿ ಮನುಷ್ಯ ಬಂದ.

ಆಡುವ ಬಗೆ ಕಠಿಣವಲ್ಲ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕುಳಿತುಕೊಳ್ಳಬೇಕು. ಒಬ್ಬರು ಸೂತ್ರಧಾರರು; ಉಳಿದವರಿಗೆ ಒಂದೊಂದು ಪಾತ್ರ. ಪಾತ್ರದ ಬಲ, ಚಳಕ, ದೇಹದಾರ್ಢ್ಯ, ಬುದ್ಧಿ, ವಿವೇಕ, ಆಕರ್ಷಣೆ ಎಂಬ ಆರು ಗುಣಗಳಿಗೆ ಅಂಕಿ ಕೊಟ್ಟು ಕಾಗದದಲ್ಲಿ ಬರೆದಿಡುತ್ತಾರೆ. ಸೂತ್ರಧಾರರು ಕತೆಯನ್ನು ಆರಂಭಿಸುತ್ತಾರೆ: “ಸಂಜೆಯಾಗಿದೆ. ಘಟ್ಟದ ಅಡವಿಯಲ್ಲಿ ಒಂದು ಹಳೆಯ ಕೋಟೆ. ಹೆಬ್ಬಾಗಿಲು ಮುಚ್ಚಿದೆ, ಒಳಗಿನಿಂದ ಹೊಗೆ ಏಳುತ್ತಿದೆ. ಏನು ಮಾಡುತ್ತೀರಿ?” ಒಬ್ಬನು ಗೋಡೆ ಹತ್ತುತ್ತೇನೆ ಎನ್ನುತ್ತಾನೆ. ಹತ್ತಿಯಾನೋ ಬಿದ್ದಾನೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕೆಂದರೆ ಇಪ್ಪತ್ತರಲ್ಲಿ ಒಂಬತ್ತು ಅವಕಾಶ. ಪಾತ್ರದ ಚಳಕಕ್ಕೆ ಎರಡು ಸೇರಿದರೆ ಹನ್ನೊಂದು. ಲೆಕ್ಕದ ಮೇಷ್ಟ್ರು ಬೇಕಿಲ್ಲದೆ ಮಕ್ಕಳು ಸಂಭವದ ಗಣಿತವನ್ನು ಕಲಿಯುವ ಬಗೆ ಇದು.

‘ದಾಳ’ ಎಂದೊಡನೆ ಧರ್ಮರಾಯನ ಜೂಜು ನೆನಪಾಗಿ ಕೆಲವರಿಗೆ ಎದೆ ನಡುಗೀತು. ಇಲ್ಲಿ ಪಣವಿಲ್ಲ, ಹಣವಿಲ್ಲ. ಪಗಡೆ ಚೌಕಾಬಾರಗಳಂತೆ ಒಬ್ಬ ಗೆದ್ದು ಇನ್ನೊಬ್ಬ ಸೋಲುವುದೂ ಇಲ್ಲ. ಗೆದ್ದರೆ ಎಲ್ಲರೂ ಕೂಡಿ, ಸೋತರೆ ಎಲ್ಲರೂ ಕೂಡಿ. ಅಮೆರಿಕದಲ್ಲಿಯೂ 1980ರ ದಶಕದಲ್ಲಿ ಇದು ಮಕ್ಕಳ ಬುದ್ಧಿ ಕೆಡಿಸುವ ಮಾಟದ ಆಟವೆಂದು ದೊಡ್ಡ ಗುಲ್ಲೆದ್ದಿತ್ತು. ಗುಲ್ಲು ಅಡಗಿತು, ಆಟ ಉಳಿಯಿತು. ಅದಕ್ಕೀಗ ಐವತ್ತು ವರ್ಷ ದಾಟಿದೆ.

ನಮಗೆ ಇದು ತೀರ ಹೊಸದೂ ಅಲ್ಲ. ಕರಾವಳಿಯ ತಾಳಮದ್ದಳೆಯನ್ನು ಇಲ್ಲಿ ಅನೇಕರು ಬಲ್ಲಿರಿ. ಈ ನಗರದಲ್ಲಿಯೂ ಕೇಳಿದ್ದೀರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಎದುರುಬದುರು ಕುಳಿತು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲೇ ಕೃಷ್ಣನಾಗುತ್ತಾರೆ, ಕರ್ಣನಾಗುತ್ತಾರೆ. ಬರಿಯ ಮಾತಿನಿಂದ ಲೋಕ ಕಟ್ಟುವ ವಿದ್ಯೆ ನಮ್ಮಲ್ಲಿತ್ತು. ಒಂದೇ ಭೇದ: ಅಲ್ಲಿ ಕರ್ಣ ವಾದದಲ್ಲಿ ಎಷ್ಟೇ ಗೆದ್ದರೂ ಪ್ರಸಂಗದ ಕೊನೆ ಬದಲಾಗುವಂತಿಲ್ಲ. ಇಲ್ಲಿ ಕತೆಯ ಕೊನೆ ಯಾರಿಗೂ ಗೊತ್ತಿಲ್ಲ, ಸೂತ್ರಧಾರರಿಗೂ.

ಇನ್ನು ಮುಖ್ಯ ಮಾತಿಗೆ ಬರೋಣ. ನಮ್ಮ ಮಕ್ಕಳಿಗೆ ಕನ್ನಡ ಬರುತ್ತದೆಯೇ ಎಂದರೆ ಬರುತ್ತದೆ. ‘ಊಟ ಮಾಡು’, ‘ಸ್ನಾನ ಆಯಿತೇ’, ‘ದೀಪ ಆರಿಸು’, ಇಷ್ಟಕ್ಕೆ ಸಾಲುವಷ್ಟು ಬರುತ್ತದೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ ಮರಾಠಿ. ಕನ್ನಡ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ವಾದಿಸಲು, ಬೇಡಲು, ಹೆದರಿಸಲು, ಸಮಾಧಾನ ಹೇಳಲು ಕನ್ನಡ ಅವರಿಗೆ ಬೇಕಾಗುವುದೇ ಇಲ್ಲ. ಬೇಡವಾದ ಭಾಷೆ ಎಷ್ಟು ದಿನ ನಿಂತೀತು?

ಆದುದರಿಂದ ನಮ್ಮ ನಾಲ್ಕು ಮನೆಗಳವರು ತಿಂಗಳಿಗೆ ಎರಡು ಭಾನುವಾರ ಕಲೆತು ಈ ಆಟವನ್ನು ಕನ್ನಡದಲ್ಲಿ ಆಡುತ್ತೇವೆ. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೋಟೆಗೆ ‘ಪೀಛೆ ಬಾಗಿಲು’ ಇದೆಯೇ ಎಂದು ಕೇಳಿದಳು. ಮೂಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ, “ಅದಕ್ಕೆ ದಿಡ್ಡಿ ಬಾಗಿಲು ಅಂತಾರೆ ಮಗಾ” ಎಂದರು. ಮುಂದಿನ ಆಟದಲ್ಲಿ ಅದೇ ಹುಡುಗಿ, “ದಿಡ್ಡಿ ಬಾಗಿಲಿಗೆ ಅಗುಳಿ ಹಾಕಿದ್ದಾರೆಯೇ?” ಎಂದಳು. ಅಗುಳಿ ಎಂಬ ಮಾತನ್ನು ಆ ನಡುವೆ ಅಜ್ಜಿಯಿಂದ ತಾನಾಗಿಯೇ ಕೇಳಿ ತಿಳಿದಿದ್ದಳು.

ಇನ್ನೊಮ್ಮೆ ಒಬ್ಬರ ತಾತ ಕೋಟೆಯ ಕಾವಲುಗಾರರಾಗಿದ್ದರು. ಹುಡುಗನೊಬ್ಬ, “ಏ, ಬಾಗಿಲು ತೆಗೆ” ಎಂದ. ತಾತ ತೆಗೆಯಲಿಲ್ಲ. ದಾಳವನ್ನೂ ಕೇಳಲಿಲ್ಲ. ಹುಡುಗರು ಗುಸುಗುಸು ಮಾತಾಡಿಕೊಂಡರು. ಕೊನೆಗೆ ಅವನೇ ಎದ್ದು ನಿಂತು, “ಯಜಮಾನರೇ, ದಾರಿ ತಪ್ಪಿ ಬಂದಿದ್ದೇವೆ. ಒಂದು ರಾತ್ರಿಗೆ ಜಾಗ ಕೊಡುತ್ತೀರಾ?” ಎಂದ. ಬಾಗಿಲು ತೆರೆಯಿತು. ‘ನೀನು’ ‘ನೀವು’ಗಳ ಭೇದವನ್ನು ನಾವು ಹತ್ತು ವರ್ಷ ತಿದ್ದಿ ಹೇಳಿದ್ದೆವು, ಮುಚ್ಚಿದ ಬಾಗಿಲು ಒಂದು ಸಂಜೆಯಲ್ಲಿ ಕಲಿಸಿತು.

ಕೆಲವು ಎಚ್ಚರಿಕೆಗಳೂ ಬೇಕು. ಒಂದು ಆಟಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ; ಪರೀಕ್ಷೆಯ ತಿಂಗಳಲ್ಲಿ ಕೂಡದು. ಸೂತ್ರಧಾರರು ಕತೆಯನ್ನು ತಮ್ಮ ಇಷ್ಟದಂತೆಯೇ ಎಳೆಯಬಾರದು. ಮಾತು ಬಾರದ ಮಗುವಿಗೆ ಸರದಿ ತಪ್ಪಬಾರದು, ತಪ್ಪು ಕನ್ನಡಕ್ಕೆ ಯಾರೂ ನಗಬಾರದು. ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯದು.

ಖರ್ಚಿನ ಭಯ ಬೇಡ. ಆಟದ ಮೂಲ ನಿಯಮಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಕ್ಕುತ್ತವೆ. ಅವು ಇಂಗ್ಲಿಷಿನಲ್ಲಿವೆ, ನಿಜ; ಒಬ್ಬರು ಓದಿ ತಿಳಿದು ಹೇಳಿದರೆ ಸಾಕು. ಕೋಟೆ ಚಿತ್ರದುರ್ಗದಂತಿರಲಿ, ಕಾಡು ಆಗುಂಬೆಯದಿರಲಿ. ಊರು ನೋಡದ ಮಕ್ಕಳಿಗೆ ಊರನ್ನು ತೋರಿಸಿದಂತೆಯೂ ಆಯಿತು.

ಮುಂದಿನ ತಿಂಗಳಿಂದ ಸಂಘದ ವಾಚನಾಲಯದಲ್ಲಿ ಒಂದು ಮೇಜನ್ನು ಇದಕ್ಕೆ ಬಿಟ್ಟುಕೊಡಬೇಕೆಂದು ಅಧ್ಯಕ್ಷರಲ್ಲಿ ನಮ್ಮ ಬಿನ್ನಹ. ಮಕ್ಕಳನ್ನು ಕರೆತನ್ನಿ; ಜೊತೆಗೆ ಮನೆಯ ಅಜ್ಜ ಅಜ್ಜಿಯರನ್ನು ಮರೆಯದೆ ಕರೆತನ್ನಿ. ನಮಗೆ ತಿಳಿಯದ ಮಾತುಗಳು ಅವರಲ್ಲಿವೆ.