ಪರದೆಯ ಚಿತ್ರಕ್ಕೆ ನಮ್ಮ ದನಿ

(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಶಿಕ್ಷಕ ವೃಂದದ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ತರಗತಿಯ ಪಾಠಗಳಲ್ಲಿ ಡಿಜಿಟಲ್ ಬಹುಮಾಧ್ಯಮಗಳ ಬಳಕೆ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಇದೇ ವಿಷಯವನ್ನು ಬೆಂಗಳೂರಿನಲ್ಲಿಯೋ ವಿಜಯವಾಡದಲ್ಲಿಯೋ ಮಾತನಾಡುವ ಬಗೆ ಒಂದು, ಅಗಳಿಯಲ್ಲಿ ಮಾತನಾಡುವ ಬಗೆ ಇನ್ನೊಂದು. ಅಲ್ಲಿ ಯಂತ್ರ ಬಂದಿದೆಯೇ ಇಲ್ಲವೇ ಎಂದು ಕೇಳಿದರೆ ಸಾಕು. ಇಲ್ಲಿ, ಬಂದ ಯಂತ್ರ ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.

ನಮ್ಮ ನೆಲದ ಸ್ಥಿತಿ ತಮಗೆಲ್ಲ ತಿಳಿದದ್ದೇ. 1953ರಲ್ಲಿ ಆಂಧ್ರ ರಾಜ್ಯ ಏರ್ಪಟ್ಟಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಅನಂತಪುರಕ್ಕೆ ಸೇರಿತು. ಮಡಕಶಿರಾ ಮೊದಲಿನಿಂದಲೂ ಅನಂತಪುರದಲ್ಲಿಯೇ ಇದ್ದು, ಹಾಗೆಯೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದಾಗ ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರಾದೆವು. ಕಾಗದಪತ್ರಗಳ ಮೇಲಿನ ವಿಳಾಸ ಎಷ್ಟು ಬಾರಿ ಬದಲಾದರೂ ಅಗಳಿ, ರೊಳ್ಳ, ಅಮರಾಪುರಗಳ ಮನೆಮಾತು ಬದಲಾಗಲಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸೌಕರ್ಯ ಒದಗಿಸಬೇಕೆಂದು 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿತು. ಆ ವಿಧಿಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಪಠ್ಯಪುಸ್ತಕ, ಕಪ್ಪುಹಲಗೆ ಮತ್ತು ಒಬ್ಬ ಶಿಕ್ಷಕ. ಪಾಠ ಹೇಳುವ ಪರದೆಯೊಂದು ಗೋಡೆಗೆ ಬಂದು ಕೂರುವುದನ್ನು ಅವರು ಊಹಿಸಿರಲಾರರು.

ಪರದೆಯಂತೂ ಬಂದಿದೆ. ದೀಕ್ಷಾ ಜಾಲತಾಣ 2017ರಿಂದ ಇದೆ; ಪಠ್ಯಪುಸ್ತಕದ ಕ್ಯೂಆರ್ ಸಂಕೇತಕ್ಕೆ ಮೊಬೈಲ್ ಹಿಡಿದರೆ ದೃಶ್ಯಪಾಠ ತೆರೆಯುತ್ತದೆ. ಆಂಧ್ರದಲ್ಲಿ 2022ರ ಡಿಸೆಂಬರ್‌ನಿಂದ ಎಂಟನೆಯ ತರಗತಿಯ ಮಕ್ಕಳ ಕೈಗೆ ಟ್ಯಾಬ್‌ಗಳು ಬಂದವು. ಮರುವರ್ಷ ಸರ್ಕಾರಿ ಪ್ರೌಢಶಾಲೆಗಳ ಗೋಡೆಗಳಿಗೆ ಮುಟ್ಟಿದರೆ ಸ್ಪಂದಿಸುವ ದೊಡ್ಡ ಪರದೆಗಳು ಬರತೊಡಗಿದವು. ಇವೆಲ್ಲ ಒಳ್ಳೆಯವೇ. ಆದರೆ ದೊಡ್ಡ ರಾಜ್ಯವೊಂದರಲ್ಲಿ ಸಾಮಗ್ರಿ ಸಿದ್ಧವಾಗುವುದು ಬಹುಸಂಖ್ಯಾತ ಮಕ್ಕಳ ಭಾಷೆಯನ್ನೂ ಇಂಗ್ಲಿಷನ್ನೂ ಮುಂದಿಟ್ಟುಕೊಂಡು. ಇದರಲ್ಲಿ ಯಾರನ್ನೂ ದೂರುವ ಉದ್ದೇಶ ನಮಗಿಲ್ಲ. ಪರಿಣಾಮವನ್ನು ಮಾತ್ರ ಹೇಳಲೇಬೇಕು. ಬೆಳಗುವ, ಬಣ್ಣದ, ಚಲಿಸುವ ಪಾಠ ಬೇರೆ ಭಾಷೆಯಲ್ಲಿ ಬರುತ್ತದೆ. ಸೀಮೆಸುಣ್ಣದ ಪಾಠ ಕನ್ನಡದಲ್ಲಿ ಉಳಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಹತ್ತು ವರ್ಷದ ಮಗು ಇದರಿಂದ ಒಂದು ತೀರ್ಮಾನಕ್ಕೆ ಬರುತ್ತದೆ. ಆ ತೀರ್ಮಾನವನ್ನು ಮುಂದಿನ ಜೂನ್ ತಿಂಗಳಲ್ಲಿ ಪೋಷಕರು ವರ್ಗಾವಣೆ ಪತ್ರದ ಅರ್ಜಿಯಾಗಿ ನಮ್ಮ ಮೇಜಿನ ಮೇಲೆ ತಂದಿಡುತ್ತಾರೆ. ಕನ್ನಡ ಮಾಧ್ಯಮದ ಉಳಿವಿನ ಪ್ರಶ್ನೆ ನಮ್ಮಲ್ಲಿ ಈಗ ತರಗತಿಯ ಗೋಡೆಯ ಮೇಲೆಯೇ ಇದೆ.

ತೊಡಕು ಎಲ್ಲಿ ಬರುತ್ತದೆ ಎಂಬುದಕ್ಕೆ ಒಂದೆರಡು ಪದಗಳು ಸಾಕು. ಎಲೆಯು ಬೆಳಕಿನಿಂದ ಆಹಾರ ತಯಾರಿಸುವುದನ್ನು ನಮ್ಮ ಪುಸ್ತಕ ದ್ಯುತಿಸಂಶ್ಲೇಷಣೆ ಎನ್ನುತ್ತದೆ. ತೆಲುಗು ದೃಶ್ಯಪಾಠ ಕಿರಣಜನ್ಯ ಸಂಯೋಗಕ್ರಿಯ ಎನ್ನುತ್ತದೆ. ನಮ್ಮ ಜವ ಅಲ್ಲಿ ವಡಿ, ನಮ್ಮ ಶ್ವಾಸಕೋಶ ಅಲ್ಲಿ ಊಪಿರಿತಿತ್ತುಲು. ನಮ್ಮ ಮಕ್ಕಳಿಗೆ ಸಂತೆಯ ತೆಲುಗು ನೀರು ಕುಡಿದಷ್ಟು ಸುಲಭ. ಪರಿಭಾಷೆಯ ತೆಲುಗು ಹಾಗಲ್ಲ. ವೇಗ ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ ಎಂಬುದು ದೊಡ್ಡ ಸಮಾಧಾನ, ಆದರೆ ಅಂಥ ಸಮಾಧಾನಗಳು ಪುಟಕ್ಕೊಂದು ಸಿಗುವುದಿಲ್ಲ. ಬಹುಮಾಧ್ಯಮ ಕಲಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಒಂದು ಮುಖ್ಯ ನಿರ್ಣಯವೆಂದರೆ, ಚಿತ್ರದ ಜೊತೆಗೆ ಅಕ್ಷರಕ್ಕಿಂತ ಮಾತು ಇದ್ದಾಗ ಕಲಿಕೆ ಚೆನ್ನಾಗಿ ನಡೆಯುತ್ತದೆ. ಚಿತ್ರ, ಮಾತು, ಅದೇ ಮಾತಿನ ಬರಹ ಮೂರೂ ಒಟ್ಟಿಗೆ ಬಂದರೆ ಮನಸ್ಸಿಗೆ ಹೊರೆಯಾಗುತ್ತದೆ. ನಮ್ಮ ಮಗುವಿನ ಪಾಡನ್ನು ಇದರೊಡನೆ ಹೋಲಿಸಿ ನೋಡಿರಿ. ಕಿವಿಗೆ ತೆಲುಗು, ಕಣ್ಣಿಗೆ ಇಂಗ್ಲಿಷ್ ಅಕ್ಷರ, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಕನ್ನಡ.

ಹಾಗಾದರೆ ಕರ್ನಾಟಕದ ಪಾಠಗಳನ್ನೇ ಹಾಕಬಾರದೇ ಎಂದು ಹಳೆಯ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು. ಹಾಕುತ್ತೇವೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ದೂರದರ್ಶನದ ಚಂದನದಲ್ಲಿ ಬಂದ ಸಂವೇದ ಪಾಠಗಳು ಗಡಿಯ ಈಚೆಗೂ ಉಪಕಾರ ಮಾಡಬಲ್ಲವು. ಕರ್ನಾಟಕದ ಶಿಕ್ಷಕರು ಸೇರಿ ಬೆಳೆಸಿದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವೂ ಇದೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ ವಿಜ್ಞಾನದ ಅನುಕರಣ ಪ್ರಯೋಗಗಳಲ್ಲಿ ಕೆಲವು ಕನ್ನಡದಲ್ಲಿಯೇ ದೊರೆಯುತ್ತವೆ. ತಂತಿಯನ್ನು ಬೆರಳಿನಿಂದ ಜೋಡಿಸಿ ದೀಪ ಹೊತ್ತಿಸುವ ಆಟಕ್ಕೆ ಮಕ್ಕಳು ಮುಗಿಬೀಳುತ್ತಾರೆ. ತ್ರಿಭುಜದ ಕೋನಗಳ ಮೊತ್ತ ಶಿರಾದಲ್ಲಿಯೂ ಅಗಳಿಯಲ್ಲಿಯೂ 180 ಡಿಗ್ರಿಯೇ ಆದ್ದರಿಂದ ಗಣಿತ ವಿಜ್ಞಾನಗಳಲ್ಲಿ ಈ ಎರವಲು ನಡೆಯುತ್ತದೆ. ಸಮಾಜ ಪಾಠಕ್ಕೆ ಬಂದಾಗ ನಡೆಯುವುದಿಲ್ಲ. ಪಠ್ಯಕ್ರಮ ಬೇರೆ, ನಾವು ನಿಂತಿರುವ ರಾಜ್ಯ ಬೇರೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ನಮ್ಮ ದಾರಿ ನಮಗೆ ಕಂಡದ್ದು ಅದರಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ಉಪಗ್ರಹ ದೂರದರ್ಶನ ಬೋಧನಾ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಆಂಧ್ರಪ್ರದೇಶವೂ ಕರ್ನಾಟಕವೂ ಆ ಆರರಲ್ಲಿ ಇದ್ದವು. ಕರ್ನಾಟಕದ ಪಾಲಿನ ಹಳ್ಳಿಗಳು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳವು. ಬೆಳಗಿನ ಹೊತ್ತು ಶಾಲಾ ಮಕ್ಕಳ ಪಾಠ, ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯ. ನಮ್ಮ ತಾಲ್ಲೂಕಿಗೆ ಅದು ಬರಲಿಲ್ಲ. ಆದರೆ ಆ ಏರ್ಪಾಡಿನಲ್ಲಿ ಒಂದು ಜಾಣತನವಿತ್ತು: ಒಂದೇ ಚಿತ್ರದೊಂದಿಗೆ ಎರಡು ಧ್ವನಿವಾಹಿನಿಗಳನ್ನು ಕಳುಹಿಸಬಹುದಾಗಿತ್ತು. ಒಂದೇ ದೃಶ್ಯಕ್ಕೆ ತೆಲುಗಿನ ಹಳ್ಳಿಯಲ್ಲಿ ತೆಲುಗು ದನಿ, ಕನ್ನಡದ ಹಳ್ಳಿಯಲ್ಲಿ ಕನ್ನಡ ದನಿ. ಚಿತ್ರಕ್ಕೆ ಭಾಷೆಯಿಲ್ಲ, ದನಿಗೆ ಮಾತ್ರ ಇದೆ ಎಂಬುದನ್ನು ಅಂದಿನ ತಂತ್ರಜ್ಞರು ಕಂಡುಕೊಂಡಿದ್ದರು.

ಅದನ್ನೇ ನಾವು ಗುಂಡಿಯೊಂದನ್ನು ಒತ್ತಿ ಮಾಡುತ್ತೇವೆ. ಪರದೆಯ ಸದ್ದನ್ನು ಅಡಗಿಸಿ, ದೃಶ್ಯ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ನಾವೇ ಕನ್ನಡದಲ್ಲಿ ಹೇಳುತ್ತೇವೆ. ಕೇಳಲು ಸಣ್ಣ ಮಾತು. ಮಾಡಲು ಹಿಂದಿನ ಸಂಜೆಯ ಒಂದು ಗಂಟೆ ಬೇಕು. ದೃಶ್ಯವನ್ನು ಮೂರು ಸಲ ನೋಡಬೇಕು, ಎಲ್ಲಿ ನಿಲ್ಲಿಸಬೇಕೆಂದು ಗುರುತು ಹಾಕಿಕೊಳ್ಳಬೇಕು, ಪಾರಿಭಾಷಿಕ ಪದಗಳನ್ನು ನಮ್ಮ ಪುಸ್ತಕಕ್ಕೆ ಸರಿಹೊಂದಿಸಬೇಕು. ಇದರಿಂದ ಅನಿರೀಕ್ಷಿತ ಲಾಭವೂ ಆಯಿತು. ಯಂತ್ರವೇ ಮಾತನಾಡುವಾಗ ಯಾವ ಮಗುವೂ ಕೈಯೆತ್ತುವುದಿಲ್ಲ. ಯಂತ್ರವನ್ನು ಪ್ರಶ್ನೆ ಕೇಳಲಾಗದೆಂದು ಅವಕ್ಕೆ ಗೊತ್ತು. ಶಿಕ್ಷಕರು ಮಾತನಾಡುವಾಗ ಕೈಗಳು ಏಳುತ್ತವೆ. ಹೃದಯದ ಕವಾಟಗಳ ನಾಲ್ಕು ನಿಮಿಷದ ದೃಶ್ಯಕ್ಕೆ ನಮಗೆ ಇಡೀ ಪೀರಿಯಡ್ಡು ಹಿಡಿಯುತ್ತದೆ. ಎರಡನೆಯ ಸುತ್ತಿನಲ್ಲಿ ಮಕ್ಕಳನ್ನೇ ಕರೆದು ದನಿ ಕೊಡಿಸುತ್ತೇವೆ. ಗೊತ್ತಿಲ್ಲದ ಕಡೆ ಬಾಯಿ ತಾನಾಗಿ ನಿಲ್ಲುತ್ತದೆ. ಅದಕ್ಕಿಂತ ನಿಖರವಾದ ಪರೀಕ್ಷೆ ನಮಗೆ ತಿಳಿಯದು.

ಇನ್ನು ನಾವೇ ಮಾಡಿದ ದೃಶ್ಯಗಳ ವಿಚಾರ. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಕೀಟದ ಜೀವನಚಕ್ರವನ್ನು ಪುಸ್ತಕದ ನಾಲ್ಕು ಚಿತ್ರಗಳಲ್ಲಿ ಕಲಿಸುವ ಬದಲು, ಹುಳು ಮನೆಯಲ್ಲಿಯೇ ಒಂದು ಹಳೆಯ ಮೊಬೈಲನ್ನು ತಟ್ಟೆಯ ಮೇಲೆ ಕಟ್ಟಿ, ಅರ್ಧ ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಇಟ್ಟೆವು. ಹುಳು ಪೊರೆ ಬಿಡುವ ಹೊತ್ತನ್ನು ನಮ್ಮವರು ಜ್ವರ ಎನ್ನುತ್ತಾರೆ. ಸೊಪ್ಪು ಬಿಟ್ಟು, ತಲೆಯೆತ್ತಿ, ಸುಮಾರು ಒಂದು ದಿನ ಅಲುಗಾಡದೆ ಕೂರುತ್ತದೆ. 24 ಗಂಟೆಗೆ 2,880 ಚಿತ್ರ. ಸೆಕೆಂಡಿಗೆ 24ರಂತೆ ಓಡಿಸಿದರೆ ಎರಡು ನಿಮಿಷ. ಈ ಲೆಕ್ಕವನ್ನು ಮಾಡಿದವರು ಏಳನೆಯ ತರಗತಿಯ ಮಕ್ಕಳೇ, ಅದೂ ಗಣಿತದ ಪೀರಿಯಡ್ಡಿನ ಹೊರಗೆ. ಹಳೆಯ ಚರ್ಮ ಕಾಲುಚೀಲದಂತೆ ಹಿಂದಕ್ಕೆ ಸರಿಯುವುದನ್ನು, ದಿನವೂ ಹುಳುಗಳ ನಡುವೆಯೇ ಬೆಳೆದ ಮಕ್ಕಳು ಮೊದಲ ಬಾರಿಗೆ ಪರದೆಯ ಮೇಲೆ ಕಂಡರು. ನಾಲ್ಕು ಜ್ವರ, ಐದು ಹಂತ, ಮೊಟ್ಟೆಯೊಡೆದ ದಿನದಿಂದ ಹುಳು ಹಣ್ಣಾಗುವವರೆಗೆ ಸುಮಾರು 25 ದಿನ. ಕೊನೆಯ ಹಂತದಲ್ಲಿ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತದೆ. ಅದನ್ನು ಧ್ವನಿಮುದ್ರಿಸಿ, ಚಿತ್ರವಿಲ್ಲದೆ ತರಗತಿಯಲ್ಲಿ ಕೇಳಿಸಿದಾಗ ಮಕ್ಕಳು ಒಕ್ಕೊರಲಿನಿಂದ ಹೆಸರು ಹೇಳಿದರು. ಬೇರೆ ಕಡೆಯಿಂದ ವರ್ಗವಾಗಿ ಬಂದಿದ್ದ ನಮ್ಮ ಸಹೋದ್ಯೋಗಿಗಳು ಮಾತ್ರ ಮಳೆ ಎಂದುಕೊಂಡು ಕಿಟಕಿಯ ಕಡೆ ನೋಡಿದರು!

ಈ ದೃಶ್ಯಕ್ಕೆ ದನಿ ಕೊಟ್ಟವರು ಒಬ್ಬ ವಿದ್ಯಾರ್ಥಿನಿಯ ಅಜ್ಜಿ. ಜ್ವರ, ಹಣ್ಣಾಗುವುದು, ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಇವೆಲ್ಲ ಅವರ ಮಾತಿನಲ್ಲಿ ಬರುತ್ತವೆ. ಅವರ ಮಾತಿನ ಕೆಳಗೆ ಪುಸ್ತಕದ ಪದಗಳನ್ನು ಮಕ್ಕಳು ಹೊಂದಿಸಿದರು: ಪೊರೆ ಕಳಚುವಿಕೆ, ಡಿಂಭ, ಕೋಶಾವಸ್ಥೆ. ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವಿನ ಸೇತುವೆ ಎಂದು ಶಿಕ್ಷಣಶಾಸ್ತ್ರದ ಗ್ರಂಥಗಳು ಹೇಳುವುದು ಇದನ್ನೇ ಇರಬೇಕು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಪಾಠವನ್ನು ಈಗ ಪ್ರತಿ ವರ್ಷ ಮಕ್ಕಳು ಕೇಳುತ್ತಾರೆ.

ಹೆಂಜೇರು ನಮಗೆ ಇನ್ನೊಂದು ಪಾಠಶಾಲೆ. ಇಂದು ಹೇಮಾವತಿ ಎಂದು ಕರೆಯುವ, ಅಮರಾಪುರ ಮಂಡಲದ ಆ ಊರು ನೊಳಂಬರ ರಾಜಧಾನಿಯಾಗಿತ್ತು. ಸಿದ್ಧೇಶ್ವರ ಲಿಂಗರೂಪದಲ್ಲಿಲ್ಲದೆ ಮಾನವಾಕಾರದಲ್ಲಿ ಕುಳಿತಿರುವ ದೇವಾಲಯವನ್ನು ನೋಡದವರು ಈ ಸಭೆಯಲ್ಲಿ ವಿರಳ. ಅಲ್ಲಿನ ಕನ್ನಡ ಶಾಸನದ ಎದುರು ನಿಂತರೆ ಹಗಲಿನ ನೇರ ಬೆಳಕಿನಲ್ಲಿ ಅಕ್ಷರ ಕಾಣುವುದಿಲ್ಲ. ಸಂಜೆಯ ಹೊತ್ತು ಬದಿಯಿಂದ ಟಾರ್ಚ್ ಹಿಡಿದರೆ ಪ್ರತಿ ಗೀರಿನಲ್ಲಿಯೂ ನೆರಳು ಬಿದ್ದು ಸಾಲುಗಳು ಎದ್ದು ಬರುತ್ತವೆ. ಹಾಗೆ ತೆಗೆದ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಹಳೆಯ ಅಕ್ಷರದ ಮೇಲೆ ಇಂದಿನ ಅಕ್ಷರವನ್ನು ಬೆರಳಿನಿಂದ ಬರೆಯಿಸಿದರೆ, ಸಾವಿರ ವರ್ಷದ ಹಿಂದಿನ ಲಿಪಿಯಲ್ಲಿ ಮಕ್ಕಳು ರ, ಮ, ನಗಳನ್ನು ಗುರುತಿಸತೊಡಗುತ್ತಾರೆ. ಹೇಮಾವತಿಯ ಕಂಬಗಳು ಕೆಲವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ; ಅವುಗಳ ಚಿತ್ರಗಳನ್ನು ಇಲ್ಲಿ ಉಳಿದ ಕಂಬಗಳ ಪಕ್ಕದಲ್ಲಿಟ್ಟು ತೋರಿಸುವುದಕ್ಕೂ ಇದೇ ಪರದೆ ಬೇಕು. ಕನ್ನಡ ಇಲ್ಲಿಗೆ ಹೊರಗಿನಿಂದ ಬಂದ ಮಾಧ್ಯಮವಲ್ಲ ಎಂದು ನಾವು ಭಾಷಣ ಮಾಡುವುದಕ್ಕಿಂತ, ಮಗುವಿನ ಬೆರಳೇ ಅದನ್ನು ಕಂಡುಕೊಂಡರೆ ಹೆಚ್ಚು ಗಟ್ಟಿ.

ಕೆಲವು ಕಿರಿಕಿರಿಗಳನ್ನೂ ಹೇಳಿಬಿಡುತ್ತೇವೆ. ಹಿಂದಿನವರು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಶ್ರಮಪಟ್ಟು ಮಾಡಿಟ್ಟ ಟಿಪ್ಪಣಿಗಳು ಈ ಪರದೆಗಳ ಮೇಲೆ ತೆರೆದಾಗ ಕನ್ನಡವೇ ಅಲ್ಲದ ಗೀಚುಗಳಾಗಿ ಕಾಣುತ್ತವೆ; ಅವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ ತಿದ್ದುವ ಕೆಲಸ ನಡೆದಿದೆ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಮುರಿಯುತ್ತವೆ, ಒಂದೊಂದು ಪುಟವನ್ನೂ ಕಣ್ಣಿನಿಂದಲೇ ನೋಡಬೇಕು. ಅಂತರ್ಜಾಲ ನಂಬಿ ಪಾಠ ಶುರು ಮಾಡುವಂತಿಲ್ಲ, ಆದ್ದರಿಂದ ಎಲ್ಲವೂ ಪೆನ್‌ಡ್ರೈವ್‌ನಲ್ಲಿರುತ್ತದೆ. ಕರೆಂಟು ಹೋದರೆ ಕಪ್ಪುಹಲಗೆ ಇದ್ದೇ ಇದೆ; ಅದನ್ನು ಒರೆಸಿ ಸಿದ್ಧವಾಗಿಟ್ಟುಕೊಳ್ಳದೆ ನಾವು ಪರದೆಯನ್ನು ತೆರೆಯುವುದಿಲ್ಲ. ಮತ್ತು ಎಲ್ಲ ಪಾಠಕ್ಕೂ ಪರದೆ ಬೇಕಿಲ್ಲ. ಬೀಜ ಮೊಳೆಯುವುದನ್ನು ತೋರಿಸಲು ಒದ್ದೆ ಬಟ್ಟೆ ಮತ್ತು ಹಿಡಿ ಹುರುಳಿ ಇರುವಾಗ ದೃಶ್ಯ ಹಾಕುವುದು ಸೋಮಾರಿತನ. ಪದ್ಯಕ್ಕಂತೂ ಶಿಕ್ಷಕರ ಕಂಠವೇ ಆಗಬೇಕು ಎಂಬುದರಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿಲ್ಲ.

ಪೋಷಕರಲ್ಲಿ ನಮ್ಮ ಬಿನ್ನಹ ಒಂದೇ. ಮಗು ಮೊಬೈಲ್ ಹಿಡಿದಿದೆ ಎಂದು ಗದರುವ ಮುನ್ನ ಏನು ನೋಡುತ್ತಿದೆ ಎಂದು ಕೇಳಿರಿ. ಪಾಠವಾಗಿದ್ದರೆ ಅದನ್ನು ನಿಮಗೆ ಕನ್ನಡದಲ್ಲಿ ವಿವರಿಸಲು ಹೇಳಿರಿ. ನಿಮಗೆ ಅರ್ಥವಾಗುವಂತೆ ಹೇಳಿದರೆ ಪಾಠ ಬಂದಿದೆ ಎಂದು ಲೆಕ್ಕ. ಅದಕ್ಕೆ ಓದುಬರಹ ಬಲ್ಲವರೇ ಆಗಿರಬೇಕೆಂದಿಲ್ಲ.

ಹಳೆಯ ವಿದ್ಯಾರ್ಥಿ ಬಂಧುಗಳು ಶತಮಾನೋತ್ಸವದ ನೆನಪಿಗೆ ಏನು ಕೊಡಬೇಕೆಂದು ವಿಚಾರಿಸುತ್ತಿದ್ದಾರೆ. ಇನ್ನೊಂದು ಪರದೆ ಬೇಡ. ನಿಮ್ಮ ದನಿ ಬೇಕು. ನಿಮ್ಮಲ್ಲಿ ದಾದಿಯರಿದ್ದೀರಿ, ಲೈನ್‌ಮನ್‌ಗಳಿದ್ದೀರಿ, ಬ್ಯಾಂಕಿನವರು, ಬೆಂಗಳೂರಿನ ಕಂಪನಿಗಳಲ್ಲಿ ತಂತ್ರಾಂಶ ಬರೆಯುವವರು, ಅಡಿಕೆ ತೋಟ ಮಾಡುವವರು ಇದ್ದೀರಿ. ಟ್ರಾನ್ಸ್‌ಫಾರ್ಮರ್ ಏನು ಮಾಡುತ್ತದೆ ಎಂಬುದನ್ನು ಕಂಬ ಹತ್ತಿದವರೇ ಹೇಳಿದರೆ ಅದರ ತೂಕ ಬೇರೆ. ಐದು ನಿಮಿಷ ಸಾಕು. ಅಗಳಿಯ ಕನ್ನಡದಲ್ಲಿಯೇ ಹೇಳಿರಿ, ತಿದ್ದಿದ ಕನ್ನಡ ಬೇಡ. ಚಿತ್ರವನ್ನು ನಾವು ಹೊಂದಿಸಿಕೊಳ್ಳುತ್ತೇವೆ. ಎಂಟರಿಂದ ಹತ್ತನೆಯ ತರಗತಿಯವರೆಗಿನ ವಿಜ್ಞಾನ ಮತ್ತು ಸಮಾಜ ಪಾಠಗಳಲ್ಲಿ ಇನ್ನೂ ದನಿಯಿಲ್ಲದವುಗಳ ಪಟ್ಟಿಯನ್ನು ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದೇವೆ. ನಿಮಗೆ ಬಲ್ಲ ಪಾಠದ ಮುಂದೆ ಹೆಸರು ಬರೆಯಬಹುದು. ಊಟದ ನಂತರ ಅದೇ ಕೊಠಡಿಯಲ್ಲಿ ಧ್ವನಿಮುದ್ರಣದ ವ್ಯವಸ್ಥೆ ಇದೆ. ಫ್ಯಾನಿನ ಸದ್ದು ಮುದ್ರಣದಲ್ಲಿ ಬರುವುದರಿಂದ ಅದನ್ನು ಆರಿಸಿರುತ್ತೇವೆ, ಸ್ವಲ್ಪ ಸೆಖೆಯನ್ನು ಸಹಿಸಿಕೊಳ್ಳಬೇಕಾಗುತ್ತದೆ.