ಅಂಚೆಯಲ್ಲಿ ಬಾರದ ವಿದ್ಯೆ



ಕಲಘಟಗಿ ತಾಲೂಕಿನ ತಂಬೂರ ನನ್ನ ಊರು. ಅಲ್ಲಿಯ ಬಸವಣ್ಣನ ಗುಡಿಗೆ ನಿಮ್ಮಲ್ಲಿ ಕೆಲವರಾದರೂ ಬಂದು ಹೋಗಿರಬಹುದು. ಗುಡಿಯಲ್ಲಿ ಕಲ್ಲಿನ ಬಸವಣ್ಣನಿಗೆ ಎಣ್ಣೆ ಎರೆದು, ಮನೆಯಲ್ಲಿ ಜೀವಂತ ಬಸವಣ್ಣನಿಗೆ ಬೇನೆ ಬಂದಾಗ ಕಾದ ಕಬ್ಬಿಣದಿಂದ ಬರೆ ಎಳೆಯುತ್ತಿದ್ದ ಕಾಲವನ್ನು ನಾನು ಕಣ್ಣಾರೆ ಕಂಡವನು. ಅದು ನಿರ್ದಯತೆಯಲ್ಲ, ನಿರುಪಾಯ. ದನದ ದವಾಖಾನೆ ದೂರವಿತ್ತು, ದಾರಿ ಕೆಸರಾಗಿತ್ತು. ಇಂದು ದಾರಿಯಾಗಿದೆ, 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಪಶುಚಿಕಿತ್ಸೆಯ ವಾಹನವೇ ಬರುವ ಏರ್ಪಾಡೂ ಆಗಿದೆ. ಆದರೂ ಬೇನೆ ಕಾಣಿಸಿಕೊಂಡ ಗಳಿಗೆಗೂ ವೈದ್ಯರು ಬಂದು ಮುಟ್ಟುವ ಗಳಿಗೆಗೂ ನಡುವೆ ಒಂದು ತೆರಪು ಉಳಿದೇ ಇದೆ. ಆ ತೆರಪಿನಲ್ಲಿ ನಿಲ್ಲಬಲ್ಲ ಕೈಗಳನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಹೇಳುವುದಕ್ಕೆ ನನಗೊಂದು ಕಾರಣವಿದೆ; ಅದರಲ್ಲಿ ನನ್ನದೊಂದು ತಪ್ಪೂ ಇದೆ.

ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಎಸ್.ಎಸ್.ಎಲ್.ಸಿ. ಮುಗಿಸಿ ಹಾಲಿನ ಸಂಘದಲ್ಲಿ ಕೆಲಸಕ್ಕಿದ್ದಾಳೆ. ಬೆಳಗಿನಲ್ಲೊಮ್ಮೆ, ಸಂಜೆಯಲ್ಲೊಮ್ಮೆ ಹಾಲು ಅಳೆಯುವುದು, ಪರೀಕ್ಷಿಸುವುದು, ಲೆಕ್ಕ ಬರೆಯುವುದು. ಮನೆ ನಡೆಯುವುದು ಅವಳ ದುಡಿಮೆಯಿಂದಲೇ. ಒಂದು ಮಳೆಗಾಲದ ರಾತ್ರಿ ಅವರ ಎಮ್ಮೆ ಈಯಲು ಕಷ್ಟಪಟ್ಟಿತು. ನೆರೆಯವರು ಸೇರಿ ಕರುವನ್ನು ಹಗ್ಗ ಕಟ್ಟಿ ಎಳೆದರು. ಕರುವಿನ ಹಿಂದೆಯೇ ಗರ್ಭಕೋಶವೂ ಹೊರಬಿತ್ತು. ವೈದ್ಯರು ಬೆಳಗಿನಲ್ಲಿ ಬಂದಾಗ ಎಮ್ಮೆ ತಣ್ಣಗಾಗಿತ್ತು. ಹೊರಬಿದ್ದ ಅಂಗವನ್ನು ಶುದ್ಧ ನೀರಿನಿಂದ ತೊಳೆದು, ಒದ್ದೆಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಎಮ್ಮೆಯ ಹಿಂಭಾಗವನ್ನು ತುಸು ಎತ್ತರದಲ್ಲಿ ನಿಲ್ಲಿಸಿದ್ದರೆ ಉಳಿಯುವ ಸಂಭವವಿತ್ತೆಂದು ಅವರು ಹೇಳಿದರಂತೆ. ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಾಗಿ ನಿಂತಿತು.

ಕೆಲವು ದಿನ ಬಿಟ್ಟು ನನ್ನ ಕಡೆಗೆ ಬಂದಳು. “ಕಾಕಾ, ಡಾಕ್ಟರು ಆಗೂದು ನನ್ನ ಹಣ್ಯಾಗ ಬರದಿಲ್ಲ. ಆದರ ಡಾಕ್ಟರು ಬರೂತನಕಾ ಏನ್ ಮಾಡಬೇಕು ಅನ್ನೂದರ ಕಲೀಬೇಕಲ್ಲ? ಕೆಲಸಾ ಬಿಡಲಾರದ ಕಲಿಯೂದು ಎಲ್ಲೈತಿ ಹೇಳ್ರಿ” ಎಂದಳು. ಅವಳ ಕೈಯಲ್ಲಿ ಒಂದು ಜಾಹೀರಾತಿನ ತುಣುಕಿತ್ತು. ದೂರದ ನಗರವೊಂದರ ಸಂಸ್ಥೆ. ಮನೆಯಲ್ಲಿ ಕುಳಿತೇ ಪಶುವೈದ್ಯಕೀಯ ನರ್ಸಿಂಗ್ ಡಿಪ್ಲೊಮಾ ಪಡೆಯಬಹುದೆಂದು ಅದರಲ್ಲಿ ಅಚ್ಚಾಗಿತ್ತು.

ಇಲ್ಲಿಯೇ ನನ್ನ ತಪ್ಪು. ಅಂಚೆಯ ಮೂಲಕ ಕಲಿಯುವ ಶಿಕ್ಷಣದ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಹಗಲೆಲ್ಲ ದುಡಿದು ರಾತ್ರಿ ಪಂಪ-ಕುಮಾರವ್ಯಾಸರನ್ನು ಓದಿ ಕನ್ನಡ ಎಂ.ಎ. ಮಾಡಿದ ಕಂಡಕ್ಟರರನ್ನೂ ಶಾಲಾಶಿಕ್ಷಕಿಯರನ್ನೂ ಸಂಪರ್ಕ ತರಗತಿಗಳಲ್ಲಿ ನಾನು ಕಂಡಿದ್ದೇನೆ. ಕಾವ್ಯ ಅಂಚೆಯಲ್ಲಿ ಬಂದೀತಾದರೆ ಇದೇಕೆ ಬಾರದು ಎಂದುಕೊಂಡೆ. ಅರ್ಜಿಯನ್ನು ನನ್ನ ಕೈಯಾರೆ ತುಂಬಿಕೊಟ್ಟೆ. ಹಣ ಹೋಯಿತು. ಇಂಗ್ಲಿಷಿನಲ್ಲಿದ್ದ ಎರಡು ತೆಳ್ಳನೆಯ ಪುಸ್ತಕಗಳು ಬಂದವು. ಕೆಲವು ತಿಂಗಳ ಮೇಲೆ ಬಣ್ಣಬಣ್ಣದ ಪ್ರಮಾಣಪತ್ರವೂ ಬಂದಿತು. ಈ ಅವಧಿಯಲ್ಲಿ ಆಕೆ ಒಂದು ಕರುವಿನ ಜ್ವರವನ್ನೂ ಅಳೆದು ನೋಡಿರಲಿಲ್ಲ. ಅವಳನ್ನು ಕರೆದುಕೊಂಡು ದನದ ದವಾಖಾನೆಗೆ ಹೋದೆ. ವೈದ್ಯರು ಕಾಗದವನ್ನು ತಿರುಗಿಸಿ ನೋಡಿ, “ಸರ್, ಇದನ್ನ ನೋಡಿ ನಾ ಈಕಿ ಕೈಗೆ ಸೂಜಿ ಕೊಡಾಕ ಬರೂದಿಲ್ರಿ” ಎಂದರು.

ಅವರ ಮಾತಿಗೆ ಕಾಯಿದೆಯ ಆಧಾರವಿದೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ 30ನೆಯ ಕಲಮಿನಂತೆ, ನೋಂದಾಯಿತ ಪಶುವೈದ್ಯರ ಹೊರತು ಬೇರೆಯವರು ಪಶುವೈದ್ಯವೃತ್ತಿಯನ್ನು ನಡೆಸುವಂತಿಲ್ಲ. ಲಸಿಕೆ ಹಾಕುವುದು, ಗಾಯ ಕಟ್ಟುವುದು, ಬೀಜ ಒಡೆಯುವುದು ಮೊದಲಾದ ಸಣ್ಣ ಸೇವೆಗಳಿಗೆ ಮಾತ್ರ ಒಂದು ಬಾಗಿಲು ತೆರೆದಿದೆ. ಯಾವುದಾದರೊಂದು ರಾಜ್ಯದ ಪಶುಸಂಗೋಪನಾ ನಿರ್ದೇಶನಾಲಯವೋ ಪಶುವೈದ್ಯಕೀಯ ಸಂಸ್ಥೆಯೋ ಕೊಟ್ಟ ಪ್ರಮಾಣಪತ್ರ ಉಳ್ಳವರು, ರಾಜ್ಯ ಸರಕಾರದ ಅಪ್ಪಣೆಯಿದ್ದರೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಅವನ್ನು ಮಾಡಬಹುದು. ಪಶುವೈದ್ಯಕೀಯ ನರ್ಸ್ ಎಂಬ ಪದವಿಯನ್ನು ಈ ಕಾಯಿದೆ ಹೆಸರಿಸಿಯೇ ಇಲ್ಲ.

ಕಾಯಿದೆಯ ಮಾತು ಹಾಗಿರಲಿ. ಈ ವಿದ್ಯೆಯ ಸ್ವಭಾವವೇ ಅಂಥದು. ಈದ ಹಸು ಹಾಲುಜ್ವರದಿಂದ ನೆಲ ಹಿಡಿದಾಗ ರಕ್ತನಾಳಕ್ಕೆ ಕೊಡುವ ಸುಣ್ಣಾಂಶದ ಔಷಧವು ಅದನ್ನು ಕಣ್ಣೆದುರಿಗೇ ಎಬ್ಬಿಸಿ ನಿಲ್ಲಿಸುತ್ತದೆ. ಅವಸರದಿಂದ ಹರಿಯಬಿಟ್ಟರೆ ಅದೇ ಔಷಧ ಹೃದಯವನ್ನು ನಿಲ್ಲಿಸುತ್ತದೆ. ಕಂದು ಹಾಕಿಸುವ ಬ್ರೂಸೆಲ್ಲಾ ರೋಗಕ್ಕೆ ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಲಸಿಕೆ ಹಾಕುತ್ತಾರೆ. ಅದು ಜೀವಾಣುಗಳುಳ್ಳ ಲಸಿಕೆ. ಹಾಕುವವರ ಕೈಗೆ ಸೂಜಿ ಚುಚ್ಚಿದರೆ, ಕಣ್ಣಿಗೆ ಹನಿ ಸಿಡಿದರೆ ಅವರಿಗೂ ರೋಗ ತಗಲೀತು. ಎಮ್ಮೆಯ ಬೆದೆಯಂತೂ ಬೇಸಗೆಯಲ್ಲಿ ಮೂಕಬೆದೆ, ಕೂಗದು, ಕುಣಿಯದು. ಪುಸ್ತಕವು ಅದರ ಲಕ್ಷಣಗಳನ್ನು ಹೇಳೀತು. ಇಂಥ ದಿನ ಇಂಥ ಎಮ್ಮೆ ಬೆದೆಗೆ ಬಂದಿದೆಯೆಂದು ತಿಳಿಯಬೇಕಾದರೆ ನೂರಾರು ಎಮ್ಮೆಗಳನ್ನು ನೋಡಿದ ಕಣ್ಣು ಬೇಕು.

ಕನ್ನಡ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಯೊಂದನ್ನು ಇಲ್ಲಿ ನೆನೆಯಬಹುದು. ಚಾಲುಕ್ಯ ವಂಶದ ಕೀರ್ತಿವರ್ಮನು ಸುಮಾರು ಹನ್ನೆರಡನೆಯ ಶತಮಾನದ ಆದಿಯಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅದರಲ್ಲಿ ಔಷಧದ ಜೊತೆಗೆ ಮಂತ್ರಗಳೂ ಇವೆ. ಅವು ಆ ಕಾಲದ ನಂಬಿಕೆ. ಆದರೆ ಅರಸುಮನೆತನದವನೊಬ್ಬನು ದನದ ಬೇನೆಯನ್ನು ಬರವಣಿಗೆಗೆ ಯೋಗ್ಯವಾದ ವಿಷಯವೆಂದು ತಿಳಿದನಲ್ಲ, ಅದು ದೊಡ್ಡದು. ಕನ್ನಡದಲ್ಲಿ ಗ್ರಂಥಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಗ್ರಂಥದಿಂದ ಕೈಗೆ ಹೋಗುವ ದಾರಿಗೆ.

ಬೇರೆ ದೇಶಗಳು ಈ ದಾರಿಯನ್ನು ಹೇಗೆ ಮಾಡಿಕೊಂಡವು? ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 1961ರಲ್ಲಿ ಪ್ರಾಣಿಶುಶ್ರೂಷೆಯ ಸಹಾಯಕರಿಗೆ ತರಬೇತಿಯ ಕ್ರಮವನ್ನು ರೂಪಿಸಿತು. ನರ್ಸ್ ಎಂಬ ಹೆಸರು ಮನುಷ್ಯರ ದಾದಿಯರಿಗೆ ಮೀಸಲಾಗಿದ್ದುದರಿಂದ ಅದು ಇವರಿಗೆ ಸಿಕ್ಕಿದ್ದು 1984ರಲ್ಲಿ. ಅಲ್ಲಿ ದುಡಿಯುತ್ತಲೇ ಕಲಿಯುವವರಿದ್ದಾರೆ. ಪಾಠಗಳನ್ನು ದೂರದಿಂದ ಪಡೆಯುವವರೂ ಇದ್ದಾರೆ. ಆದರೆ ಅವರು ಮಾನ್ಯತೆ ಪಡೆದ ಪ್ರಾಣಿಚಿಕಿತ್ಸಾಲಯದಲ್ಲಿ ಕೆಲಸ ಮಾಡಲೇಬೇಕು. ಒಂದೊಂದು ಕೌಶಲವನ್ನೂ ಅನುಭವಿಗಳು ಕಣ್ಣಾರೆ ಕಂಡು ಒಪ್ಪಬೇಕು. ಅಕ್ಷರ ಅಂಚೆಯಲ್ಲಿ ಬರುತ್ತದೆ, ಕೈಗುಣ ದವಾಖಾನೆಯಲ್ಲಿ ಬರುತ್ತದೆ. ಇದೇ ಅದರ ಗುಟ್ಟು.

ನಮ್ಮಲ್ಲಿ ಏನಿದೆ ನೋಡೋಣ. ಎಸ್.ಎಸ್.ಎಲ್.ಸಿ. ಆದವರಿಗೆ ಎರಡು ವರುಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಾಲಿಟೆಕ್ನಿಕ್‌ಗಳಲ್ಲಿ, ಕೋನೇಹಳ್ಳಿ, ಕೊರವಂಗಲ, ನಮಗೆ ಸಮೀಪದ ಶಿಗ್ಗಾವಿ ಮೊದಲಾದೆಡೆ, ಅದನ್ನು ಕಲಿಸುತ್ತಾರೆ. ಗಟ್ಟಿಯಾದ ಶಿಕ್ಷಣ, ಆದರೆ ಪೂರ್ಣಾವಧಿಯದು. ರಾಷ್ಟ್ರೀಯ ಗೋಕುಲ ಮಿಷನ್ನಿನಲ್ಲಿ ‘ಮೈತ್ರಿ’ ಎಂಬ ಮೂರು ತಿಂಗಳ ತರಬೇತಿಯಿದೆ. ಒಂದು ತಿಂಗಳು ಪಾಠ, ಎರಡು ತಿಂಗಳು ಪ್ರತ್ಯಕ್ಷ ಕೆಲಸ. ಮುಖ್ಯವಾಗಿ ಕೃತಕ ಗರ್ಭಧಾರಣೆಯನ್ನು ಕಲಿಸುವಂಥದು. ಹಾಲು ಒಕ್ಕೂಟಗಳೂ ತಮ್ಮ ಸಂಘಗಳ ಕೆಲಸಗಾರರಿಗೆ ಕೃತಕ ಗರ್ಭಧಾರಣೆಯನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಸುತ್ತ ಬಂದಿವೆ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ‘ಪಶುಸಖಿ’ಯಾಗುವ ಅವಕಾಶವಿದೆ, ಕೆಲವೇ ದಿನಗಳ ತರಬೇತಿ, ಊರಲ್ಲಿಯೇ ಕೆಲಸ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು ಹೈನುಗಾರಿಕೆ, ಕೋಳಿಸಾಕಣೆಗಳ ಪಾಠವನ್ನು ದೂರಶಿಕ್ಷಣದಲ್ಲಿ ಕೊಡುತ್ತದೆ. ಅದು ಸಾಕುವವರಿಗೆ ಉಪಯುಕ್ತ, ಚಿಕಿತ್ಸೆಯ ಅಪ್ಪಣೆಯಲ್ಲ. ಧಾರವಾಡದ ಕೃಷಿ ವಿಜ್ಞಾನ ಕೇಂದ್ರದಂಥವುಗಳ ಅಲ್ಪಾವಧಿ ಶಿಬಿರಗಳನ್ನೂ ಇದೇ ಸಾಲಿನಲ್ಲಿ ಎಣಿಸಬೇಕು.

ಆದುದರಿಂದ, ದುಡಿಯುತ್ತ ಕಲಿಯಬಯಸುವ ತರುಣ ತರುಣಿಯರು ಹಣ ಕಟ್ಟುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ಸೂಚನೆ. ಈ ಪ್ರಮಾಣಪತ್ರವನ್ನು ಕೊಡುವವರು ಯಾರು, ಅದನ್ನು ಪಶುಸಂಗೋಪನಾ ಇಲಾಖೆ ಒಪ್ಪುವುದೇ? ಎಷ್ಟು ದಿನ ನನ್ನ ಕೈ ದನದ ಮೈಮೇಲೆ ಇರುತ್ತದೆ, ಯಾರ ಕಣ್ಣೆದುರಿಗೆ? ಕಲಿತ ಮೇಲೆ ಯಾವ ಕೆಲಸಕ್ಕೆ ನನಗೆ ಅಪ್ಪಣೆಯಿದೆ, ಯಾವುದಕ್ಕೆ ಇಲ್ಲ? ಉತ್ತರವನ್ನು ಮಾರುವವರಿಂದ ಪಡೆದರೆ ಸಾಲದು. ಸಮೀಪದ ದನದ ದವಾಖಾನೆಯ ವೈದ್ಯರಿಂದಲೂ ಪಡೆಯಿರಿ. ನಾನು ಈ ಮೂರರಲ್ಲಿ ಒಂದನ್ನೂ ಕೇಳಲಿಲ್ಲ. ಮೂವತ್ತು ವರುಷ ಪಾಠ ಹೇಳಿದವನು ನಾನು!

ಇನ್ನು ಆಳುವವರಿಗೂ ಒಂದು ಮಾತು. ಪಾಲಿಟೆಕ್ನಿಕ್ಕಿನ ಎರಡು ವರುಷದ ಪಾಠವನ್ನು ಮೂರೋ ನಾಲ್ಕೋ ವರುಷಕ್ಕೆ ಹಂಚಲು ಬಾರದೆ? ಓದುವ ಭಾಗವನ್ನು ಕನ್ನಡದ ಪುಸ್ತಕಗಳಿಂದಲೂ ಬಾನುಲಿಯಿಂದಲೂ ಮನೆಗೆ ಮುಟ್ಟಿಸಿ, ಕೈಗೆಲಸವನ್ನು ವಾರಕ್ಕೆರಡು ದಿನ ತಾಲೂಕಿನ ದವಾಖಾನೆಯಲ್ಲಿ ಕಲಿಸಿ, ವರುಷಕ್ಕೊಂದು ತಿಂಗಳು ಪಾಲಿಟೆಕ್ನಿಕ್ಕಿಗೆ ಕರೆಸಿಕೊಳ್ಳಬಾರದೆ? 2022ರಲ್ಲಿ ಚರ್ಮಗಂಟು ರೋಗ ನಮ್ಮ ಧಾರವಾಡ, ಹಾವೇರಿ ಜಿಲ್ಲೆಗಳ ಕೊಟ್ಟಿಗೆಗಳನ್ನು ಹೊಕ್ಕಾಗ ನಾವು ಕಂಡದ್ದೇನು? ಆ ರೋಗಕ್ಕೆ ನೇರವಾದ ಮದ್ದಿಲ್ಲ. ಗಾಯ ತೊಳೆಯುವುದು, ನೊಣ ಕೂಡದಂತೆ ಕಾಯುವುದು, ಹುಳು ಬೀಳದಂತೆ ನೋಡುವುದು, ಮೇಯದ ದನಕ್ಕೆ ಗಂಜಿ ಕುಡಿಸುವುದು. ಶುಶ್ರೂಷೆಯೇ ಅಲ್ಲಿ ಅರ್ಧ ಚಿಕಿತ್ಸೆ. ಅದನ್ನು ಬಲ್ಲ ಕೈಗಳು ಊರಿಗೆರಡು ಇದ್ದಿದ್ದರೆ ಎಷ್ಟೋ ಎತ್ತುಗಳು ಮುಂದಿನ ಬಿತ್ತಿಗೆಗೆ ಉಳಿಯುತ್ತಿದ್ದವು. ಧಾರವಾಡಿ ಎಮ್ಮೆಗೆ ಸ್ವತಂತ್ರ ತಳಿಯೆಂಬ ಮನ್ನಣೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದರ ಬಾಣಂತನ ಮಾಡಬಲ್ಲವರನ್ನು ಸಿದ್ಧಪಡಿಸದೆ ಬರಿಯ ಹೆಮ್ಮೆಯಿಂದ ಏನಾದೀತು?

ಆ ಹೆಣ್ಣುಮಗಳ ಮಾತಿನಿಂದಲೇ ಮುಗಿಸುತ್ತೇನೆ. ಅಂದು ಕಾಗದವನ್ನು ಹಿಂದಿರುಗಿಸಿದ ವೈದ್ಯರೇ, “ಕಾಗದಾ ಇರಲಿ, ಈಕೀನ್ನ ಕಳಸ್ರಿ, ನೋಡಿ ಕಲೀಲಿ” ಎಂದರು. ಈಗ ಆಕೆ ಪಶುಸಖಿಯ ತರಬೇತಿ ಮುಗಿಸಿದ್ದಾಳೆ. ಬೆಳಗಿನ ಹಾಲಿನ ಲೆಕ್ಕ ಮುಗಿದ ಮೇಲೆ ವಾರಕ್ಕೆರಡು ದಿನ ದವಾಖಾನೆಗೆ ಹೋಗುತ್ತಾಳೆ. ಜ್ವರ ಅಳೆಯುತ್ತಾಳೆ, ಗಾಯ ಕಟ್ಟುತ್ತಾಳೆ; ತನಗೆ ತಿಳಿಯದ್ದನ್ನು ಮುಟ್ಟುವುದಿಲ್ಲ. “ಆ ಡಿಪ್ಲೊಮಾ ಕೆಲಸಾ ಬಿಡಲಾರದ ಯಾವಾಗ ಮಾಡಾಕ ಬರತೈತ್ರಿ ಕಾಕಾ?” ಎಂದು ಈಗಲೂ ಕೇಳುತ್ತಾಳೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ಈ ಭಾಷಣವನ್ನು ಕೇಳುತ್ತಿದ್ದರೆ ನನ್ನ ಶ್ರಮ ಸಾರ್ಥಕ. ಬಣ್ಣದ ಆ ಪ್ರಮಾಣಪತ್ರವನ್ನು ಅವಳು ಹರಿದೊಗೆಯಲು ಹೊರಟಿದ್ದಳು. ನಾನೇ ಬೇಡಿ ಇಸಿದುಕೊಂಡು ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಯಾರಾದರೂ ಅರ್ಜಿ ತುಂಬಿಕೊಡಿರೆಂದು ಬಂದರೆ ಮೊದಲು ಅದನ್ನು ಹೊರತೆಗೆದು ತೋರಿಸುತ್ತೇನೆ.



(ಆಕಾಶವಾಣಿಯ ಕೃಪೆಯಿಂದ)